ಯಾರೂ ಕೆತ್ತದ ಏಳು ಕಲ್ಲು

ಮೊದಲ ಕಂತಿನ ಐದು ಕಲ್ಲುಗಳ ಮೇಲಿದ್ದ ಗೋಣಿಚೀಲ ಸರಿಸಿದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವು ತುಂಬ ಚೆನ್ನಾಗಿದ್ದವು. ಗುಂಡಗೆ, ನುಣ್ಣಗೆ, ಯಾವ ಕಡೆಯಿಂದ ನೋಡಿದರೂ ಕಣ್ಣಿಗೆ ತಂಪು. ಶಿವಾರಪಟ್ಟಣದ ಆ ಶಿಲ್ಪಿ ಪಂಚೆಯ ತುದಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತೆ ಮೇಡಂ?"

"ಚೆನ್ನಾಗಿದೆ ಆಚಾರ್ರೇ. ಅದೇ ತೊಂದರೆ."

ಅವರಿಗೆ ಅರ್ಥವಾಗಲಿಲ್ಲ. ಒಳಗೆ ತಿರುಗಿ ಹೆಂಡತಿಗೆ, "ಮೇಡಂಕಿ ಮಜ್ಜಿಗ ತೀಸ್ಕರಾ" ಎಂದು ತೆಲುಗಿನಲ್ಲಿ ಕೂಗಿ ಹೇಳಿದರು. ಬಿಸಿಲಿಗೆ ನನ್ನ ತಲೆ ತಿರುಗಿರಬೇಕು ಎಂದುಕೊಂಡಿರಬಹುದು.

ನಾನು ಕೋಲಾರದ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುವವಳು. ಊರ ಹೊರಗೆ ಕಟ್ಟುತ್ತಿದ್ದ ವಿಜ್ಞಾನ ಕೇಂದ್ರವೊಂದರ ಸಭೆಗೆ ಹೋಗಿದ್ದ ನಮ್ಮ ಪ್ರಾಂಶುಪಾಲರು, ಅಲ್ಲಿ ಮಂಗಳ ಗ್ರಹಕ್ಕೆಂದೇ ಒಂದು ಕೋಣೆ ಬರಲಿದೆ ಎಂದು ಕೇಳಿದ ಕೂಡಲೇ, "ನಮ್ಮ ಮೇಡಂ ಮಾಡಿಕೊಡ್ತಾರೆ ಬಿಡಿ" ಎಂದು ನನ್ನನ್ನು ಒಪ್ಪಿಸಿ, ಕಾಫಿ ಕುಡಿದು ಎದ್ದು ಬಂದಿದ್ದರು. ಕೋಣೆಯ ನಡುವೆ ಮರಳು ತುಂಬಿದ ದೊಡ್ಡ ಕಟ್ಟೆ. ಅದರೊಳಗೆ ಗಾಳಿ ಸವೆಸಿದ ಇಪ್ಪತ್ತು ಕಲ್ಲು. ಉದ್ಘಾಟನೆಗೆ ಎರಡು ತಿಂಗಳು. ಈ ಜಿಲ್ಲೆಯಲ್ಲಿ ಕಲ್ಲಿನ ಕೆಲಸ ಎಂದರೆ ಎಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಶಿವಾರಪಟ್ಟಣದಲ್ಲಿ ವಿಗ್ರಹಕ್ಕೆ ಬಳಸುವ ಕಪ್ಪು ಕಲ್ಲುಗಳಲ್ಲಿ ಒಂದು ಜಾತಿ ಮಂಗಳದ ಲಾವಾ ಬಂಡೆಗೆ ಬಹಳ ಹತ್ತಿರದ್ದು. ಕಲ್ಲು ಸಿಕ್ಕಿತು, ಕೈ ಸಿಕ್ಕಿತು, ಇನ್ನೇನು ಎಂದು ನಾನು ನಿಶ್ಚಿಂತೆಯಿಂದ ಇದ್ದುಬಿಟ್ಟಿದ್ದೆ.

ತಪ್ಪು ನನ್ನದೇ. "ಮನುಷ್ಯ ಮಾಡಿದ ಹಾಗೆ ಕಾಣಬಾರದು, ತಾನಾಗಿ ಆದ ಹಾಗೆ ಇರಬೇಕು" ಎಂದಷ್ಟೇ ಹೇಳಿ ಬಂದಿದ್ದೆ. ಅವರು ಅದನ್ನು ಗಂಭೀರವಾಗಿ ತೆಗೆದುಕೊಂಡು, ಸ್ಕೂಟರ್ ಹತ್ತಿ ಟೇಕಲ್ ಬೆಟ್ಟದವರೆಗೆ ಹೋಗಿ ಬಂದಿದ್ದರು.

"ಅರ್ಧ ದಿನ ಬೆಟ್ಟದಾಗೆ ತಿರುಗ್ದೆ ಮೇಡಂ. ಯಾರೂ ಮಾಡ್ದೆ ಇರೋ ಕಲ್ಲು ಅಂದ್ರೆ ಎಲ್ಲಾ ಗುಂಡೇ."

ಅವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಡೆಯ ಬಂಡೆಗಳನ್ನು ಮಾಡಿದ್ದು ನೀರು ಮತ್ತು ಬಿಸಿಲು. ಮಣ್ಣಿನೊಳಗೆ ನೀರು ಕುಡಿದು ಮೂಲೆಗಳು ಮೊದಲು ಕೊಳೆಯುತ್ತವೆ. ಆಮೇಲೆ ಈರುಳ್ಳಿಯ ಹಾಗೆ ಪದರ ಪದರವಾಗಿ ಸಿಪ್ಪೆ ಬಿಡುತ್ತಾ ಬಂಡೆ ಗುಂಡಾಗುತ್ತದೆ. ಮಂಗಳದಲ್ಲಿ ಮಳೆಯೇ ಇಲ್ಲ. ಹರಿಯುವ ನೀರು ನಿಂತು ಯಾವುದೋ ಕಾಲವಾಯಿತು. ಅಲ್ಲಿ ಇವತ್ತಿಗೂ ಬಿಡದೆ ದುಡಿಯುತ್ತಿರುವುದು ಗಾಳಿ. ಅದೂ ತೀರ ತೆಳ್ಳಗಿನ ಗಾಳಿ. ಕಲ್ಲನ್ನು ಅದು ಬರಿಗೈಯಲ್ಲಿ ಏನೂ ಮಾಡಲಾರದು. ಮರಳಿನ ಕಾಳುಗಳನ್ನು ಎತ್ತಿ ಕುಪ್ಪಳಿಸುವಂತೆ ಮಾಡುತ್ತದೆ, ಆ ಕಾಳುಗಳು ಹೋಗಿ ಬಡಿಯುತ್ತವೆ. ಏಟು ತಿಂದ ಕಡೆ ಇಳಿಜಾರಾಗಿ, ಮೇಲೆ ಚೂಪಾದ ಏಣು ಎದ್ದು, ಎದುರಿಗೆ ಗುಳಿಗಳು ಬಿದ್ದು, ಗಾಳಿ ಹೋದ ದಿಕ್ಕಿಗೆ ಗೀರುಗಳು ಮೂಡುತ್ತವೆ. ಹಿಂಬದಿ ಒರಟಾಗಿ ಇದ್ದ ಹಾಗೇ ಇರುತ್ತದೆ.

ಇದನ್ನೆಲ್ಲ ಮಜ್ಜಿಗೆ ಕುಡಿಯುತ್ತಾ ವಿವರಿಸಿದೆ. ಪಾಠ ಮಾಡಿ ಅಭ್ಯಾಸವಿದ್ದುದರಿಂದ ಸ್ವಲ್ಪ ಹೆಚ್ಚಾಗಿಯೇ ವಿವರಿಸಿದೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಅಂಗಾದ್ರೆ ಮುಖ ಯಾವ ಕಡೆಗೆ?"

"ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಗೆ. ಎಲ್ಲ ಕಲ್ಲಿಗೂ ಒಂದೇ ಕಡೆ."

"ಅದನ್ನ ಮೊದ್ಲೇ ಹೇಳ್ಬೇಕಲ್ವಾ ಮೇಡಂ" ಎಂದರು, ಸ್ವಲ್ಪ ಬೇಸರದಿಂದ.

ಮೊಬೈಲಿನಲ್ಲಿ ಇದ್ದ ಮಂಗಳದ ಚಿತ್ರಗಳನ್ನೆಲ್ಲ ಅವರಿಗೆ ಕಳಿಸಿದೆ. ಎರಡು ವಾರ ಬಿಟ್ಟು ಹೋದರೆ ಎರಡನೆಯ ಕಂತು ಸಿದ್ಧವಾಗಿತ್ತು. ಈ ಸಲ ಏಣು ಇತ್ತು. ಅದು ದಾರ ಹಿಡಿದು ಎಳೆದಷ್ಟು ನೇರವಾಗಿತ್ತು. ಎರಡೂ ಬದಿಯ ಇಳಿಜಾರು ಒಂದಕ್ಕೊಂದು ಕನ್ನಡಿ. ಗುಳಿಗಳು ಸಾಲಾಗಿ, ಸಮದೂರದಲ್ಲಿ, ಅಳಗುಳಿ ಮಣೆಯ ಹಾಗೆ. ಬೆರಳಾಡಿಸಿದರೆ ಉಳಿಯ ಗುರುತು ಸಿಗುತ್ತಿತ್ತು. ಹಿಂಬದಿಯಂತೂ ನುಣುಪೋ ನುಣುಪು.

"ಹಿಂದ್ಗಡೆ ಯಾಕೆ ಪಾಲಿಶ್ ಮಾಡಿದ್ರಿ?"

"ನೀವು ಕಳ್ಸಿದ ಫೋಟೋದಾಗೆ ಹಿಂದ್ಗಡೆ ಎಲ್ಲೈತೆ ಮೇಡಂ?" ಈಗ ಅವರ ದನಿಯೂ ಏರಿತ್ತು. "ಮೂವತ್ತೈದು ವರ್ಷ ಆಯ್ತು ಉಳಿ ಹಿಡ್ದು. ಒರಟಾಗಿ ಬಿಟ್ಟು ಕಳ್ಸಿದ್ರೆ ನಮ್ಮಪ್ಪ ಕೈ ಮೇಲೆ ಹೊಡೀತಿದ್ದ. ಈಗ ನೀವು ಬಂದು ಬಿಡು ಅಂತೀರಿ. ಕೈ ಬರಲ್ಲ ಮೇಡಂ."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕೇಂದ್ರದ ಸಮಿತಿಯ ಸದಸ್ಯರೊಬ್ಬರು. ನಾನು ಹಿಂದಿನ ದಿನ ಕಳಿಸಿದ್ದ ಮೊದಲ ಕಂತಿನ ಚಿತ್ರ ಅವರ ಕೈಗೆ ಸಿಕ್ಕಿತ್ತು.

"ಮೇಡಂ, ಕಲ್ಲು ಕಪ್ಪಗಿದೆಯಲ್ಲ?"

"ಮಂಗಳದ ಕಲ್ಲು ಕಪ್ಪೇ ಸರ್. ಮೇಲಿರೋ ಧೂಳು ಮಾತ್ರ ಕೆಂಪು."

"ಅದೆಲ್ಲ ಸರಿ. ಬಾಗಿಲ ಮೇಲೆ ಕೆಂಪು ಗ್ರಹ ಅಂತ ಬರೆಸಿಬಿಟ್ಟಿದೀವಿ. ಒಳಗೆ ಬಂದೋರು ಏನಂತಾರೆ? ಒಂದು ಕೋಟು ರೆಡ್ ಆಕ್ಸೈಡ್ ಹೊಡೆಸಿ."

ಮನೆಯ ಗೇಟಿಗೆ ಹೊಡೆಯುವ ಬಣ್ಣ ಅದು. ನಾನು "ನೋಡೋಣ ಸರ್" ಎಂದು ಫೋನಿಟ್ಟೆ. ನೋಡೋಣ ಎನ್ನುವುದು ಆ ಎರಡು ತಿಂಗಳಲ್ಲಿ ನಾನು ಅತಿ ಹೆಚ್ಚು ಬಳಸಿದ ಮಾತು.

ಕೋಲಾರಕ್ಕೆ ವಾಪಸು ಬರುವಾಗ ಒಂದು ಯೋಚನೆ ಬಂತು. ಮನುಷ್ಯನ ಕೈಗೆ ಗಾಳಿಯ ಕೆಲಸ ಬಾರದಿದ್ದರೆ ಗಾಳಿಯಿಂದಲೇ ಮಾಡಿಸಿದರಾಯಿತು. ಗ್ರಾನೈಟ್ ಫಲಕಗಳ ಮೇಲೆ ಅಕ್ಷರ ಮೂಡಿಸುವವರು ಅದನ್ನೇ ತಾನೇ ಮಾಡುವುದು? ಕಲ್ಲಿನ ಮೇಲೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಜಾಗವನ್ನಷ್ಟೇ ಕತ್ತರಿಸಿ ತೆಗೆದು, ಕಂಪ್ರೆಸರ್ ಗಾಳಿಯಲ್ಲಿ ಮರಳು ಹೊಡೆಯುತ್ತಾರೆ. ರಬ್ಬರ್ ಇದ್ದ ಕಡೆ ಉಳಿಯುತ್ತದೆ, ಇಲ್ಲದ ಕಡೆ ಕೊರೆಯುತ್ತದೆ. ಮುಳಬಾಗಿಲು ರಸ್ತೆಯಲ್ಲಿ ಅಂಥ ಒಂದು ತಗಡಿನ ಶೆಡ್ ಇದೆ. ಗೋರಿಯ ಕಲ್ಲು, ಶಂಕುಸ್ಥಾಪನೆಯ ಫಲಕ, ಮನೆಯ ಹೆಸರು ಎಲ್ಲವೂ ಅಲ್ಲಿ ಸಾಲಾಗಿ ಗೋಡೆಗೆ ಒರಗಿರುತ್ತವೆ. ಅದನ್ನು ನಡೆಸುವ ಭಾಯ್ ನಲವತ್ತರ ಆಸುಪಾಸಿನವರು, ತೆಳ್ಳಗಿನ ಆಳು, ಮಾತಿನಲ್ಲಿ ಚುರುಕು.

"ಅಕ್ಷರ ಏನು ಹೊಡೀಬೇಕು ಮೇಡಂ?"

"ಅಕ್ಷರ ಬೇಡ ಭಾಯ್. ಸುಮ್ಮನೆ ಒಂದೇ ಕಡೆಯಿಂದ ಹೊಡೀಬೇಕು. ಕಲ್ಲು ಸವೆಯೋವರೆಗೂ."

"ಸುಮ್ನೇನಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸುಮ್ನೆ ಹೊಡ್ಸೋಕೆ ಬಂದೋರು ನೀವೇ ಮೊದ್ಲು."

ಶಿವಾರಪಟ್ಟಣದಿಂದ ಒರಟು ತುಂಡುಗಳನ್ನು ತರಿಸಿಕೊಂಡು ಶುರು ಮಾಡಿದೆವು. ಮೊದಲ ಕಲ್ಲಿನಲ್ಲಿ ತೂತು ಬಿತ್ತು. ನಳಿಕೆಯ ಬಾಯಿ ಕಿರಿದು, ಮರಳು ಒಂದೇ ಜಾಗಕ್ಕೆ ಹೋಗಿ ಬಡಿಯುತ್ತಿತ್ತು. ನಳಿಕೆಯನ್ನು ಹಿಂದಕ್ಕೆ ಸರಿಸಿದೆವು; ಆಗ ಏನೂ ಆಗಲಿಲ್ಲ. ಒತ್ತಡ ಏರಿಸಿದೆವು, ಪೈಪು ಕಿತ್ತು ಬಂತು. ಅದನ್ನು ಸರಿಮಾಡಿ, ದೂರವನ್ನು ಗೇಣುಗೇಣಾಗಿ ಬದಲಿಸುತ್ತಾ ಹೋದ ಮೇಲೆ ಮೂರನೆಯ ದಿನ, ಊಟದ ಹೊತ್ತಿಗೆ, ಕಲ್ಲಿನ ಎದುರು ಭಾಗ ಮೆಲ್ಲಗೆ ಹಿಂದಕ್ಕೆ ವಾಲಿತು. ಮೆದು ಖನಿಜಗಳು ಸವೆದು ಗಟ್ಟಿಯವು ಉಬ್ಬಿ ನಿಂತವು. ನಾನು ಚಪ್ಪಾಳೆ ತಟ್ಟಿಬಿಟ್ಟೆ. ತರಗತಿಯಲ್ಲಿ ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಕಣ್ಣೆದುರು ನೋಡಿದ್ದು ಅದೇ ಮೊದಲು.

ಭಾಯ್ ಯಂತ್ರ ನಿಲ್ಲಿಸಿ ಹೊರಗೆ ಬಂದರು. ಹುಬ್ಬು, ರೆಪ್ಪೆ, ತಲೆಗೂದಲು ಎಲ್ಲ ಬೆಳ್ಳಗೆ. ಮೂಗಿಗೆ ಕಟ್ಟಿದ್ದ ಕರವಸ್ತ್ರ ಬಿಚ್ಚಿ ಕೊಡವಿ, ಗೋಡೆಗೆ ಒಂದು ಕೈ ಕೊಟ್ಟು ಕೆಮ್ಮಿದರು. ಕೆಮ್ಮು ತುಂಬ ಹೊತ್ತು ನಿಲ್ಲಲಿಲ್ಲ.

"ಡಾಕ್ಟರಿಗೆ ತೋರಿಸಿದ್ರಾ ಭಾಯ್?"

"ಇದಾ? ಇದು ಕೆಲ್ಸದ್ದು ಮೇಡಂ. ನಮ್ಮ ಭಾಯಿಜಾನ್‌ಗೂ ಇತ್ತು. ನಂಗೆ ಈ ಕೆಲ್ಸ ಕಲ್ಸಿದ್ದೇ ಅವ್ರು."

"ಈಗ ಹೇಗಿದಾರೆ?"

"ಮನೇಲೇ ಇರ್ತಾರೆ. ಮಂಚದಿಂದ ಬಾಗ್ಲಿಗೆ ಬರೋಷ್ಟ್ರಲ್ಲಿ ಎರಡು ಸಲ ನಿಲ್ತಾರೆ."

ಅವರು ಅದನ್ನು ಮಳೆ ಬಂತು ಎಂದಷ್ಟೇ ಸಾಧಾರಣವಾಗಿ ಹೇಳಿದರು. ನನ್ನ ಕೈಯಲ್ಲಿ ಇನ್ನೂ ಆ ಕಲ್ಲು ಇತ್ತು. ಮರಳು ಎಂದರೆ ಬಹುಪಾಲು ಬೆಣಚುಕಲ್ಲಿನ ಕಾಳು. ಒಡೆದು ನುಣ್ಣನೆ ಧೂಳಾಗಿ ಶ್ವಾಸಕೋಶಕ್ಕೆ ಹೋದರೆ ಅದು ಅಲ್ಲೇ ಕೂತು, ಆ ಜಾಗವನ್ನು ಗಟ್ಟಿ ಮಾಡಿಬಿಡುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಇದನ್ನು ನಾನು ಪ್ರತಿವರ್ಷ ಹೇಳಿಕೊಡುತ್ತೇನೆ. ಪರೀಕ್ಷೆಗೂ ಕೇಳುತ್ತೇನೆ. ಆದರೂ ಮೂರು ದಿನ ಶೆಡ್ಡಿನ ಬಾಗಿಲ ಬಳಿ, ಧೂಳು ಬಾರದ ಕಡೆ ನೋಡಿಕೊಂಡು, ಕುರ್ಚಿ ಹಾಕಿಕೊಂಡು ಕೂತಿದ್ದೆ. ಒಂದು ಕಲ್ಲಿನ ಒಂದು ಮುಖಕ್ಕೇ ಇಷ್ಟಾದರೆ ಇಪ್ಪತ್ತು ಕಲ್ಲಿಗೆ ಎಷ್ಟು ದಿನ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಲೂ ಇದ್ದೆ.

"ಇಲ್ಲಿಗೆ ಸಾಕು ಭಾಯ್. ಮಿಕ್ಕಿದ್ದು ಬೇಡ" ಎಂದೆ.

"ಯಾಕೆ? ಈಗ್ತಾನೆ ಸರಿ ಬಂತಲ್ಲ?"

ಕಾರಣ ಹೇಳಿದೆ. ಅವರಿಗೆ ಸಿಟ್ಟೇ ಬಂತು. "ಕೆಲ್ಸ ಕೊಟ್ಟು ಕಿತ್ಕೊಂಡ್ರೆ ಕೆಮ್ಮು ಹೋಗುತ್ತಾ ಮೇಡಂ? ನೀವು ಆ ಕಡೆ ಹೋದ್ಮೇಲೆ ನಾನು ಅಕ್ಷರ ಹೊಡೀಲೇಬೇಕಲ್ಲ."

ಮರುದಿನ ಫಿಲ್ಟರ್ ಇರುವ ಮುಖವಾಡವೊಂದನ್ನು ತಂದುಕೊಟ್ಟೆ, ಮರಳಿನ ಬದಲು ಉಕ್ಕಿನ ಕಾಳು ಬಳಸುವುದರ ಬಗ್ಗೆ ಹೇಳಿದೆ, ಎದೆಯ ಎಕ್ಸ್‌ರೇ ತೆಗೆಸಲು ಜೊತೆಯಲ್ಲಿ ಹೋದೆ. ಅವರು ಬಂದರು, ಗೊಣಗುತ್ತಲೇ ಬಂದರು. ವೈದ್ಯರು ಶುರುವಾಗಿದೆ, ಆದರೆ ಇಲ್ಲಿಗೆ ತಡೆಯಬಹುದು ಎಂದರು. ಮುಖವಾಡ ಹಾಕಿದರೆ ಉಸಿರು ಕಟ್ಟುತ್ತದೆ ಎಂದು ಭಾಯ್ ವಾದ ಮಾಡಿದರು. ಹಾಕದಿದ್ದರೂ ಕಟ್ಟುತ್ತದೆ ಎಂದರು ವೈದ್ಯರು.

ಇತ್ತ ಪ್ರಾಂಶುಪಾಲರ ಕೋಣೆಯಲ್ಲಿ ನನ್ನ ವಿಚಾರಣೆ ನಡೆಯಿತು. ಮೂರು ವಾರ ಉಳಿದಿದೆ, ಕಟ್ಟೆಯಲ್ಲಿ ಒಂದು ಕಲ್ಲೂ ಇಲ್ಲ. ಸಮಿತಿಯ ಸದಸ್ಯರೂ ಬಂದು ಕೂತಿದ್ದರು.

"ಇಪ್ಪತ್ತು ಆಗಲ್ಲ ಸರ್. ಏಳು ಮಾಡಿಕೊಡ್ತೀನಿ" ಎಂದೆ. ಏಳು ಎಂಬುದು ಆ ಕ್ಷಣಕ್ಕೆ ಬಾಯಿಗೆ ಬಂದದ್ದು.

"ಏಳಾ? ಅಷ್ಟು ದೊಡ್ಡ ಕಟ್ಟೆಗೆ?"

"ಮಂಗಳದಲ್ಲೂ ಬೇಕಾದಷ್ಟು ಖಾಲಿ ಜಾಗ ಇದೆ ಸರ್."

"ಹಾಗಾದ್ರೆ ಮಿಕ್ಕ ಜಾಗಕ್ಕೆ ಗಗನಯಾತ್ರಿ ಕಟೌಟ್ ಇಡ್ಸೋಣ. ಫೋಟೋ ತೆಗೆಸಿಕೊಳ್ಳೋಕೆ ಚೆನ್ನಾಗಿರುತ್ತೆ" ಎಂದರು ಸದಸ್ಯರು. ನಾನು ಒಪ್ಪಿದೆ. ಆ ಹೊತ್ತಿಗೆ ಏನು ಹೇಳಿದ್ದರೂ ಒಪ್ಪುತ್ತಿದ್ದೆ.

ಅದೇ ವಾರ ಕಾಲೇಜಿನಲ್ಲಿ ಯಾರದೋ ಬೀಳ್ಕೊಡುಗೆ. ಭಾಷಣ ನಡೆಯುತ್ತಿದ್ದಾಗ ಮೇಜಿನ ಮೇಲಿದ್ದ ಹೂವಿನ ಅಲಂಕಾರದ ಬುಡಕ್ಕೆ ನನ್ನ ಉಗುರು ತಾಗಿತು. ಹೂವಿನ ಕಡ್ಡಿ ಚುಚ್ಚುವ ಆ ಹಸಿರು ಸ್ಪಂಜಿನ ಇಟ್ಟಿಗೆ ಮುಟ್ಟಿದರೆ ಪುಡಿಯಾಗುವಷ್ಟು ಮೆದು. ಇದಕ್ಕೆ ಮರಳೇ ಬೇಕಾಗಿಲ್ಲ, ಅಡುಗೆಮನೆಯ ರವೆ ಸಾಕು ಎನ್ನಿಸಿತು. ಕಲ್ಲಿಗೆ ಯುಗಗಳು ಹಿಡಿಯುವ ಕೆಲಸವನ್ನು ಇದು ನಿಮಿಷಗಳಲ್ಲಿ ತೋರಿಸಬಹುದು. ಶಿಲ್ಪಿಗೆ ನಾನು ಕಳಿಸಿದ್ದು ಮುಗಿದುಹೋದ ಕೆಲಸದ ಚಿತ್ರಗಳನ್ನು. ಗಾಳಿ ಕೆಲಸ ಮಾಡುವುದನ್ನು ಅವರು ನೋಡಿಯೇ ಇರಲಿಲ್ಲ.

ಮತ್ತೆ ಭಾಯ್ ಶೆಡ್ಡಿಗೇ ಹೋದೆ. ಈ ಸಲ ಹಳೆಯ ಮರದ ಪೆಟ್ಟಿಗೆಗೆ ಎದುರು ಗಾಜು ಕೂರಿಸಿ, ಮಿಕ್ಕೆಲ್ಲ ಕಡೆ ಮುಚ್ಚಿ, ಒಂದು ಬದಿಗೆ ಅವರ ಪೈಪು ಸಿಕ್ಕಿಸಿದೆವು. ಒತ್ತಡ ಕನಿಷ್ಠ. ಮರಳಿನ ಡಬ್ಬಿಗೆ ರವೆ ಸುರಿಯುವಾಗ ಅವರು ನಕ್ಕರು.

"ಉಪ್ಪಿಟ್ಟು ಮಾಡ್ತಿದೀವಾ ಮೇಡಂ?"

ಮೊದಲ ಸ್ಪಂಜು ಮುರಿದು ಬಿತ್ತು. ಎರಡನೆಯದು ಹಾರಿಹೋಗಿ ಗಾಜಿಗೆ ಅಂಟಿಕೊಂಡಿತು. ಮೂರನೆಯದಕ್ಕೆ ಅಡಿಯಲ್ಲಿ ಮೊಳೆ ಹೊಡೆದು ನಿಲ್ಲಿಸಿದೆವು. ಪೈಪನ್ನು ಒಂದೇ ಕಡೆ ಹಿಡಿಯದೆ ಮೆಲ್ಲಗೆ ಆ ಬದಿ ಈ ಬದಿ ಆಡಿಸುವುದು ಭಾಯ್ ತಲೆಗೆ ಹೊಳೆದದ್ದು. "ಹೊಲದಾಗೆ ಗಾಳಿ ನೆಟ್ಟಗೆ ಬರಲ್ಲ ಮೇಡಂ, ಅಲ್ಲಾಡ್ಕೊಂಡು ಬರುತ್ತೆ" ಎಂದರು. ಅಲ್ಲಿಂದ ಸರಿಹೋಯಿತು.

ಶಿಲ್ಪಿ ಮರುದಿನ ಬೆಳಿಗ್ಗೆ ಬಂದರು. ಬರಲು ಇಷ್ಟವಿರಲಿಲ್ಲ, ಅರ್ಧ ಮುಗಿದ ಗಣಪತಿಯನ್ನು ಬಿಟ್ಟು ಬಂದಿದ್ದೇನೆ ಎಂದು ಬಾಗಿಲಲ್ಲೇ ಹೇಳಿದರು. ಭಾಯ್ ಗಾಳಿ ಬಿಟ್ಟರು. ಶಿಲ್ಪಿ ಗಾಜಿಗೆ ಮೂಗು ತಾಗಿಸಿ ನಿಂತರು. ಚೌಕ ಸ್ಪಂಜಿನ ಎದುರು ಭಾಗ ಬುಡದ ಹತ್ತಿರ ಮೊದಲು ತಿಂದುಹೋಯಿತು. ಆಮೇಲೆ ಮೇಲಿನ ಅಂಚು ಹಿಂದೆ ಸರಿಯಿತು. ಏಣು ಮೂಡಿತು, ಆದರೆ ವಂಕಿವಂಕಿಯಾಗಿ. ಸ್ಪಂಜಿನೊಳಗೆ ನಾನು ಬೇಕೆಂದೇ ನಾಲ್ಕು ಜಲ್ಲಿಚೂರು ಹುದುಗಿಸಿದ್ದೆ. ಅವು ಒಂದೊಂದಾಗಿ ತಲೆ ಹಾಕಿದವು; ಪ್ರತಿಯೊಂದರ ಹಿಂದೆಯೂ ಒಂದು ಉದ್ದನೆಯ ಬಾಲ ಸವೆಯದೆ ಉಳಿಯಿತು.

"ಇನ್ನೊಂದು ಇಡಿ" ಎಂದರು ಶಿಲ್ಪಿ.

ಇನ್ನೊಂದು ಇಟ್ಟೆವು. ಆಮೇಲೆ ಇನ್ನೊಂದು. ನಾಲ್ಕನೆಯದಕ್ಕೆ ಅವರು ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಕೈ ತೂರಿಸಿ ಗಾಳಿಗೆ ಅಂಗೈ ಒಡ್ಡಿದರು. ಮೇಲೆತ್ತಿದರು, ಕೆಳಗಿಳಿಸಿದರು. "ಕೆಳಗೆ ಜಾಸ್ತಿ ಚುಚ್ತೈತೆ" ಎಂದು ತಮಗೇ ಹೇಳಿಕೊಂಡರು. ಕೈ ಹೊರಗೆ ತೆಗೆದು, ಅಂಗೈಗೆ ಅಂಟಿದ ರವೆಯನ್ನು ನೋಡಿದರು.

"ನಾನು ನನಗೆ ಬೇಕಾದ್ದನ್ನ ಉಳಿಸ್ತಾ ಇದ್ದೆ ಮೇಡಂ" ಎಂದರು. "ಇದು ಗಟ್ಟಿಯಾಗಿರೋದನ್ನ ಉಳಿಸ್ತೈತೆ. ಅಷ್ಟೇ ಯತ್ಯಾಸ."

ನಾನು ಇಷ್ಟು ದಿನ ಒದ್ದಾಡಿದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಸಂತೋಷಕ್ಕಿಂತ ಮೊದಲು ಹೊಟ್ಟೆ ಉರಿಯಿತು.

ಆಮೇಲೆ ಅವರು ನನ್ನನ್ನು ಏನೂ ಕೇಳಲಿಲ್ಲ. ಒಂದು ವಾರ ಬಿಟ್ಟು ಹೋಗಿ ನೋಡಿದರೆ ಹೊಸ ಕಲ್ಲೊಂದರ ಮೈಯನ್ನೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟಿ, ಕಿವಿ ಕೊಟ್ಟು ಕೇಳಿ, ಎಲ್ಲಿ ಗಟ್ಟಿ ಎಲ್ಲಿ ಮೆದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಉಳಿಯನ್ನು ಬಳಸಿದ್ದು ಶುರುವಿಗೆ ಮಾತ್ರ. ಮಿಕ್ಕಿದ್ದೆಲ್ಲ ನೀರು ಹಾಕಿಕೊಂಡು ಸಾಣೆಕಲ್ಲಿನಲ್ಲಿ ಉಜ್ಜಿದ್ದು, ಒಂದೇ ದಿಕ್ಕಿಗೆ, ಕೆಸರು ಕೆಳಗೆ ಇಳಿಯುತ್ತಿತ್ತು, ಧೂಳು ಏಳುತ್ತಿರಲಿಲ್ಲ. ಹಿಂಬದಿಯನ್ನು ಮುಟ್ಟಿರಲೇ ಇಲ್ಲ. ಅದಕ್ಕೆ ಬಟ್ಟೆ ಹೊದಿಸಿ ಕಟ್ಟಿದ್ದರು.

"ಯಾಕೆ ಆಚಾರ್ರೇ ಬಟ್ಟೆ?"

"ಕಣ್ಣಿಗೆ ಬಿದ್ರೆ ಕೈ ಸುಮ್ಕಿರಲ್ಲ ಮೇಡಂ."

ಉದ್ಘಾಟನೆಗೆ ಮೂರು ದಿನ ಇರುವಾಗ ಏಳು ಕಲ್ಲೂ ಬಂದವು. ಕಟ್ಟೆಯ ಮರಳಿನಲ್ಲಿ ದಿಕ್ಸೂಚಿ ಹಿಡಿದು ಎಲ್ಲದರ ಮುಖವನ್ನೂ ಒಂದೇ ಕಡೆಗೆ ಕೂರಿಸಿದೆವು. ಕೆಂಪಿನ ಜಗಳಕ್ಕೆ ಮಾಲೂರಿನ ಹೆಂಚಿನ ಕಾರ್ಖಾನೆಯೊಂದರ ಪುಡಿ ತರಿಸಿದೆ. ನಾನು, ಶಿಲ್ಪಿ ಇಬ್ಬರೂ ಮುಖವಾಡ ಹಾಕಿಕೊಂಡು, ಕಲ್ಲುಗಳ ಬೆನ್ನ ಹಿಂದೆ, ಗಾಳಿ ತಲುಪದ ಜಾಗಗಳಲ್ಲಿ ಜರಡಿ ಹಿಡಿದೆವು. ಎದುರು ಕಪ್ಪು, ಮರೆಯಲ್ಲಿ ಕೆಂಪು. ಸದಸ್ಯರು ಬಂದು ನೋಡಿ, "ಇನ್ನೂ ಸ್ವಲ್ಪ ಕೆಂಪಗಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನನ್ನ ಮುಖ ನೋಡಿ ಇರಬೇಕು.

ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ಕೊನೆಯ ಸಲ ನೋಡಿಕೊಳ್ಳೋಣ ಎಂದು ನಾನೂ ಶಿಲ್ಪಿಯೂ ಹೋದೆವು. ಬಾಗಿಲು ತೆಗೆದರೆ ಕಟ್ಟೆ ಖಾಲಿ. ಮರಳನ್ನು ನೀಟಾಗಿ ಹಲಗೆ ಎಳೆದು ಸಮ ಮಾಡಲಾಗಿತ್ತು. ನಡುವೆ ಗಗನಯಾತ್ರಿಯ ಕಟೌಟು ಕೈ ಬೀಸುತ್ತಾ ನಿಂತಿತ್ತು.

ನಾನು ಕೂಗಾಡಿದ್ದು ಕಟ್ಟಡದ ಹೊರಗೂ ಕೇಳಿತಂತೆ. ಒಳಾಂಗಣದ ಗುತ್ತಿಗೆದಾರರ ಮೇಸ್ತ್ರಿ ಓಡಿ ಬಂದ.

"ಕಲ್ಲೆಲ್ಲಿ? ಏಳು ಕಲ್ಲಿತ್ತು ಇಲ್ಲಿ!"

"ಆ ಕಲ್ಲಾ ಮೇಡಂ? ನಿನ್ನೆ ಕ್ಲೀನ್ ಮಾಡಿಸ್ದೆ. ಹಿಂದ್ಗಡೆ ಡೆಬ್ರಿ ಜೊತೆ ಹಾಕ್ಸಿದೀನಿ."

ಕಟ್ಟಡದ ಹಿಂದೆ ಒಡೆದ ಟೈಲ್ಸ್, ಸಿಮೆಂಟ್ ಚೀಲ, ಪಾಯದಿಂದ ಬಂದ ಕಲ್ಲು ಎಲ್ಲ ಸೇರಿ ಒಂದು ಗುಡ್ಡೆ. ಟ್ರ್ಯಾಕ್ಟರ್ ಬಂದು ನಿಂತಿತ್ತು, ಇನ್ನೇನು ತುಂಬುವವರಿದ್ದರು. ನಾನು ಸೀರೆ ಎತ್ತಿ ಕಟ್ಟಿ ಗುಡ್ಡೆ ಹತ್ತಿದೆ. ಶಿಲ್ಪಿ ಚಪ್ಪಲಿ ಬಿಟ್ಟು ಹತ್ತಿದರು. ಒಂದು ಗಂಟೆ ಹುಡುಕಿದೆವು. ಆರು ಸಿಕ್ಕವು. ಏಳನೆಯದು ನನ್ನ ಕಾಲ ಬುಡದಲ್ಲೇ ಇತ್ತು. ಅದರ ಮೇಲೆ ನಿಂತುಕೊಂಡೇ ಮಿಕ್ಕ ಆರನ್ನು ಹುಡುಕಿದ್ದೆ. ಶಿಲ್ಪಿ ನನ್ನನ್ನು ಪಕ್ಕಕ್ಕೆ ಸರಿಸಿ, ಅದರ ಬೆನ್ನು ಸವರಿ, "ನಮ್ದೇ" ಎಂದರು. ಒಂದು ಏಣು ಚೂರು ಚಕ್ಕೆ ಎದ್ದಿತ್ತು. ಮಿಕ್ಕಂತೆ ಎಲ್ಲ ಸರಿಯಾಗಿತ್ತು.

ಕೆಳಗಿಳಿದು ಬಂದು ನಾನು ಆ ಮೇಸ್ತ್ರಿಯ ಮೇಲೆ ಬಿದ್ದೆ. ಎರಡು ತಿಂಗಳಿನ ಸಿಟ್ಟೆಲ್ಲ ಅವನೊಬ್ಬನ ಪಾಲಿಗೆ ಬಂತು. ಎಷ್ಟು ದಿನದ ಕೆಲಸ ಗೊತ್ತಾ, ಯಾರ ಕೈಯ ಕೆಲಸ ಗೊತ್ತಾ, ಕಣ್ಣು ಕಾಣಲ್ವಾ ಎಂದೆಲ್ಲ ಕೇಳಿದೆ. ಪಾಪ, ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ಕೊನೆಗೆ ಹೇಳಿದ:

"ತಪ್ಪಾಯ್ತು ಮೇಡಂ. ಯಾರೋ ಮಾಡಿರೋದು ಅಂತ ಗೊತ್ತೇ ಆಗ್ಲಿಲ್ಲ. ಎಲ್ಲೋ ಬಿದ್ದಿದ್ದ ಕಲ್ಲು ಅಂದ್ಕೊಂಡೆ."

ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಶಿಲ್ಪಿ ನನ್ನ ಮುಂದೆ ಬಂದು ನಿಂತರು. ಮೈಯೆಲ್ಲ ಸಿಮೆಂಟು ಧೂಳು, ಅಂಗಾಲಿನಲ್ಲಿ ಟೈಲ್ಸ್ ತಾಗಿ ರಕ್ತ. ಅವರು ಇಷ್ಟಗಲ ನಗುತ್ತಿದ್ದುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿ ಅವರು ಕೇಳಿದರು:

"ಏನಂದೆ? ಇನ್ನೊಂದ್ಸಲ ಹೇಳಪ್ಪಾ."